ತಾರಸಿಯ ಪ್ಲಾಸ್ಟಿಕ್ ಬೆತ್ತದ ಕುರ್ಚಿಗಳು: ಕಪ್ಪು ಚುಕ್ಕೆ, ಅಂಟು, ತುಕ್ಕು. ಏನು ಮಾಡಲಿ?

ತಾರಸಿಮನೆ, ಬೆಂಗಳೂರು (ಮೇ 24)

ಎಲ್ಲರಿಗೂ ನಮಸ್ಕಾರ. ನಮ್ಮ ತಾರಸಿಯಲ್ಲಿ ನಾಲ್ಕು ಕುರ್ಚಿ, ಒಂದು ಗಾಜಿನ ಟೀಪಾಯಿ ಇವೆ. ಬೆತ್ತದಂತೆ ಕಾಣುವ ಪ್ಲಾಸ್ಟಿಕ್ ಹೆಣಿಗೆಯವು. ಅಂಗಡಿಯವರು ‘ವಿಕರ್’ ಎಂದರು, ರಸೀದಿಯಲ್ಲಿ ‘ರಟ್ಟನ್’ ಎಂದಿದೆ, ನಮ್ಮ ಅತ್ತೆ ‘ಬೆತ್ತದ ಕುರ್ಚಿ’ ಎನ್ನುತ್ತಾರೆ. ಮಳೆಗೂ ಬಿಸಿಲಿಗೂ ಏನೂ ಆಗುವುದಿಲ್ಲ ಎಂದು ಹೇಳಿ ಮಾರಿದ್ದರು. ನಾವೂ ಅದನ್ನು ನಂಬಿ ಮೂರು ವರ್ಷ ಅವುಗಳ ಕಡೆ ತಿರುಗಿ ನೋಡಲಿಲ್ಲ.

ಈಗ ಹೆಣಿಗೆಯ ಸಂದುಗಳಲ್ಲೆಲ್ಲ ಕಪ್ಪು ಚುಕ್ಕೆಗಳಿವೆ. ಗಿಡಗಳಿಗೆ ಬಿಡುವ ಬೋರ್‌ವೆಲ್ ನೀರು ಸಿಡಿದು ಕಾಲುಗಳ ಮೇಲೆ ಬಿಳಿ ಕಲೆ ಕಟ್ಟಿದೆ. ಒಂದು ಕುರ್ಚಿಯ ಕೈಗಳು ಮುಟ್ಟಿದರೆ ಅಂಟುತ್ತವೆ. ಮತ್ತೊಂದರ ಕಾಲಿನ ಕೆಳಗೆ ನೆಲದ ಮೇಲೆ ಕಂದು ಬಣ್ಣದ ಉಂಗುರ ಮೂಡಿದೆ. ಮೆತ್ತೆಗಳ ವಾಸನೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಕಳೆದ ವಾರ ಅತ್ತೆ ಎಲ್ಲ ಕುರ್ಚಿಗಳಿಗೂ ಕೊಬ್ಬರಿ ಎಣ್ಣೆ ಸವರಿದರು. ಎರಡು ದಿನ ಹೊಸದರಂತೆ ಹೊಳೆದವು. ಮೂರನೆಯ ದಿನಕ್ಕೆ ಬೀದಿಯ ಧೂಳೆಲ್ಲ ನಮ್ಮ ತಾರಸಿಗೇ ಬಂದು ಕೂತಂತಾಯಿತು.

ಜೂನ್ ಎರಡನೆಯ ವಾರ ನಾದಿನಿಯ ಸೀಮಂತ. ಆಷಾಢಕ್ಕೆ ಮೊದಲೇ ಮುಗಿಸಬೇಕು, ತಾರಸಿಯಲ್ಲೇ ಶಾಮಿಯಾನ. ಮೂರು ವಾರವಿದೆ. ಕುರ್ಚಿಗಳನ್ನು ಉಳಿಸಿಕೊಳ್ಳಲೇ, ಗುಜರಿಗೆ ಕೊಡಲೇ?

ಎರಡನೇಮಹಡಿ (ಮೇ 24)

ಇಷ್ಟಕ್ಕೆಲ್ಲ ಗುಜರಿಯೇ? ಒಂದು ಬಟ್ಟೆಗೆ ಸೀಮೆಎಣ್ಣೆ ಹಾಕಿ ಒರೆಸಿ, ಎಲ್ಲವೂ ಹೋಗುತ್ತದೆ. ನಮ್ಮ ತಂದೆ ಸೈಕಲ್ಲಿನ ಚೈನಿನಿಂದ ಹಿಡಿದು ಹೊಲಿಗೆಯಂತ್ರದವರೆಗೆ ಎಲ್ಲವನ್ನೂ ಸೀಮೆಎಣ್ಣೆಯಲ್ಲೇ ಒರೆಸುತ್ತಿದ್ದರು. ಆ ಹೊಲಿಗೆಯಂತ್ರ ಇಂದಿಗೂ ಓಡುತ್ತಿದೆ.

ರಸಾಯನಮೇಷ್ಟ್ರು (ಮೇ 24)

ಎರಡನೇಮಹಡಿಯವರೇ, ಹೊಲಿಗೆಯಂತ್ರ ಕಬ್ಬಿಣದ್ದು, ಈ ಕುರ್ಚಿ ಪ್ಲಾಸ್ಟಿಕ್ಕಿನದು. ಸೀಮೆಎಣ್ಣೆ, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ, ಇವು ಯಾವುವೂ ಹತ್ತಿರ ಬರಬಾರದು. ಕೊಳೆಯ ಜೊತೆಗೆ ಪ್ಲಾಸ್ಟಿಕ್ಕಿನ ಮೈಯನ್ನೂ ಮೆದುಗೊಳಿಸುತ್ತವೆ.

ತಾರಸಿಮನೆಯವರೇ, ತೊಳೆಯುವ ಮಾತು ಆಮೇಲೆ. ನಿಮ್ಮ ಕುರ್ಚಿ ಯಾವುದರಿಂದ ಆಗಿದೆ ಎಂಬುದು ಮೊದಲು ಗೊತ್ತಾಗಲಿ. ಇಂಥ ಹೆಣಿಗೆಯ ಎಳೆಗಳು ಹೆಚ್ಚಾಗಿ ಎರಡು ಬಗೆ. ಒಂದು ಪಾಲಿಎಥಿಲೀನ್, ಅಂದರೆ ನಮ್ಮ ಬಕೆಟ್, ನೀರಿನ ಡ್ರಮ್ಮುಗಳ ಜಾತಿ. ಇನ್ನೊಂದು ಪಿ.ವಿ.ಸಿ. ಈ ಎರಡನೆಯದು ಹುಟ್ಟಾ ಗಡಸು. ಪೈಪ್ ನೋಡಿದ್ದೀರಲ್ಲ, ಹಾಗೆ. ಅದನ್ನು ಬಾಗಿಸಿ ಹೆಣೆಯಲು ಬರಬೇಕೆಂದು ಎಣ್ಣೆಯಂಥ ಮೆದುಕಾರಕವನ್ನು ಬೆರೆಸುತ್ತಾರೆ. ಬಿಸಿಲಿಗೆ ಕಾದು ಕಾದು ಆ ಮೆದುಕಾರಕ ಹೊರಗೆ ಬೆವರುತ್ತದೆ. ಆಗಲೇ ಕೈಗೆ ಅಂಟುವುದು. ಪೂರ್ತಿ ಬೆವರಿ ಮುಗಿದ ಮೇಲೆ ಎಳೆ ಒಣಗಿ, ಬಾಗಿಸಿದರೆ ಪಟಕ್ಕೆಂದು ಮುರಿಯುತ್ತದೆ. ನಿಮ್ಮ ಅಂಟು ಕುರ್ಚಿಯ ಮೇಲೆ ನನಗೆ ಅದೇ ಅನುಮಾನ. ಎಣ್ಣೆ ಹಚ್ಚಿದ್ದು ಆ ಬೆವರುವಿಕೆಗೆ ಇನ್ನಷ್ಟು ನೆರವಾಗಿರುತ್ತದೆ. ಅತ್ತೆಯವರಿಗೆ ಇದನ್ನು ಹೇಳಬೇಕಾಗಿಲ್ಲ.

ಪರೀಕ್ಷೆ ಸುಲಭ. ಕುರ್ಚಿಯನ್ನು ಮಗುಚಿ ಹಾಕಿ. ಅಡಿಯಲ್ಲಿ ಎಳೆಯ ತುದಿಗಳು ಚಾಚಿಕೊಂಡಿರುತ್ತವೆ. ಒಂದು ತುದಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ. ಲೋಟದ ನೀರಿಗೆ ಒಂದು ಹನಿ ಸಾಬೂನು ದ್ರವ ಬಿಟ್ಟು, ಆ ತುಂಡನ್ನು ಚಮಚದಿಂದ ಪೂರ್ತಿ ಮುಳುಗಿಸಿ ಬಿಡಿ. ಸಾಬೂನು ಏಕೆಂದರೆ, ಇಲ್ಲದಿದ್ದರೆ ಅಷ್ಟು ಸಣ್ಣ ತುಂಡು ನೀರಿನ ಮೈಮೇಲೆ ಸುಮ್ಮನೆ ಕೂತು ನಮಗೆ ಸುಳ್ಳು ಹೇಳುತ್ತದೆ. ನೀರಿನ ಸಾಂದ್ರತೆ 1 ಎಂದುಕೊಳ್ಳಿ. ಪಾಲಿಎಥಿಲೀನ್ ನೀರಿಗಿಂತ ಹಗುರ, ಸುಮಾರು 0.95, ಮೇಲೆ ಬರುತ್ತದೆ. ಪಿ.ವಿ.ಸಿ. 1.3ರ ಆಸುಪಾಸು, ತಳ ಸೇರುತ್ತದೆ. ಬೆಂಕಿಕಡ್ಡಿ ಗೀರಿ ಸುಟ್ಟು ನೋಡುವ ಸಾಹಸ ಬೇಡ. ಪಿ.ವಿ.ಸಿ. ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಇರುತ್ತದೆ.

ಫ್ರಿಜ್ಜಿನ ಬಾಗಿಲಿನ ಮೇಲಿನ ಅಯಸ್ಕಾಂತದ ಗೊಂಬೆಯನ್ನು ಕುರ್ಚಿಯ ಕಾಲಿಗೂ ಹಿಡಿದು ನೋಡಿ. ಅಂಟಿಕೊಂಡರೆ ಒಳಗಿರುವುದು ಕಬ್ಬಿಣದ ಪೈಪು, ಇಲ್ಲವಾದರೆ ಅಲ್ಯೂಮಿನಿಯಂ.

ಹುಬ್ಬಳ್ಳಿಹುಡಿ (ಮೇ 24)

ಯಾವ ಪ್ಲಾಸ್ಟಿಕ್ಕೇ ಆಗಲಿ, ನೀರು ಹಾಕುವ ಮೊದಲು ಧೂಳು ತೆಗೆಯಿರಿ. ನಮ್ಮ ಕಡೆ ಎರೆಮಣ್ಣಿನ ಧೂಳು. ಒಮ್ಮೆ ನೇರವಾಗಿ ಪೈಪ್ ಹಿಡಿದೆ. ಸಂದಿಯಲ್ಲಿದ್ದ ಧೂಳು ಕೆಸರಾಗಿ, ಮಾರನೆಯ ದಿನ ಒಣಗಿ, ಗೋಡೆಗೆ ಗಿಲಾವು ಮಾಡಿದಂತಾಯಿತು. ಸೂಜಿಯಿಂದ ಕೆದಕಿ ತೆಗೆದೆ, ಎರಡು ಭಾನುವಾರ ಹಿಡಿಯಿತು. ಈಗ ಕುರ್ಚಿಯನ್ನು ತಲೆಕೆಳಗು ಮಾಡಿ, ಬೆನ್ನಿಗೆ ಕೈಯಿಂದ ನಾಲ್ಕು ತಟ್ಟಿ, ಬಣ್ಣ ಬಳಿಯುವ ಹಳೆಯ ಬ್ರಷ್ಷಿನಿಂದ ಗುಡಿಸಿ, ಆಮೇಲೆ ನೀರು.

ಎಳೆಬಿಸಿಲು (ಮೇ 24)

ಪಾರಿವಾಳದ ಹಿಕ್ಕೆ ಇದ್ದರೆ ಮಾತ್ರ ಇದು ಉಲ್ಟಾ. ಒಣಗಿದ ಹಿಕ್ಕೆಯನ್ನು ಗುಡಿಸಿದರೆ ಆ ಪುಡಿ ನೇರ ಶ್ವಾಸಕೋಶಕ್ಕೆ. ಮೊದಲು ಒದ್ದೆ ಬಟ್ಟೆ ಹಾಸಿ ನೆನೆಸಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ತೆಗೆಯಿರಿ.

ಇನ್ನೊಂದು ಪ್ರಶ್ನೆ. ನಮ್ಮ ಬಾಲ್ಕನಿಯ ಜೋಕಾಲಿಯ ಎಳೆಗಳನ್ನು ಅಳಿಲು ಕಚ್ಚಿ ಕಚ್ಚಿ ಗೂಡಿಗೆ ಒಯ್ಯುತ್ತಿದೆ. ಇದಕ್ಕೆ ಯಾರಾದರೂ ಪರಿಹಾರ ಹೇಳುವಿರಾ?

ಎರಡನೇಮಹಡಿ (ಮೇ 25)

ಅಳಿಲಿಗೆ ಸೀಮೆಎಣ್ಣೆ ಹಚ್ಚಿ ಎಂದು ನಾನು ಹೇಳುವುದಿಲ್ಲ, ಭಯಪಡಬೇಡಿ.

ತಾರಸಿಮನೆ (ಮೇ 25)

ಮೇಷ್ಟ್ರೇ, ಬೆಳಿಗ್ಗೆ ಕಾಫಿಗೆ ಮುಂಚೆ ಪರೀಕ್ಷೆ ಮಾಡಿದೆ. ನಾಲ್ಕು ಲೋಟ, ನಾಲ್ಕು ತುಂಡು. ಮೂರು ತೇಲಿದವು, ಒಂದು ಮುಳುಗಿತು! ಮುಳುಗಿದ್ದು ಅಂಟುವ ಕುರ್ಚಿಯದೇ.

ಆಗ ನೆನಪಾಯಿತು. ತಂದ ತಿಂಗಳಲ್ಲೇ ಒಂದು ಕುರ್ಚಿಯ ಕೈ ಅಲುಗಾಡುತ್ತಿತ್ತು. ಅಂಗಡಿಯವರು ಅದನ್ನು ಒಯ್ದು ಬೇರೆಯದನ್ನು ಕೊಟ್ಟಿದ್ದರು. ಬಣ್ಣ ಒಂದೇ, ಹೆಣಿಗೆ ಒಂದೇ. ಆ ದಿನ ಅವರ ಸೌಜನ್ಯವನ್ನು ಊರಿಗೆಲ್ಲ ಹೊಗಳಿದವಳು ನಾನು. ಅಯಸ್ಕಾಂತ ಮಾತ್ರ ನಾಲ್ಕಕ್ಕೂ ಅಂಟಿತು.

ಹೋಂಸ್ಟೇಕೊಡಗು (ಮೇ 25)

ನಾನು ಮಡಿಕೇರಿಯ ಹತ್ತಿರ ಹೋಂಸ್ಟೇ ನಡೆಸುತ್ತೇನೆ. ಇಂಥ ಕುರ್ಚಿಗಳು ಹದಿನಾಲ್ಕು ಇವೆ, ಮೊದಲು ಹದಿನೆಂಟು ಇದ್ದವು. ಹೋದ ನಾಲ್ಕರಲ್ಲಿ ಒಂದಕ್ಕೂ ಹೆಣಿಗೆ ಕೆಟ್ಟಿರಲಿಲ್ಲ. ನಾಲ್ಕೂ ಕಾಲಿನಿಂದ ಹೋದವು.

ನಿಮ್ಮ ನೆಲದ ಮೇಲಿನ ಕಂದು ಉಂಗುರ ಅದೇ ಕಥೆ. ಕಾಲಿನ ತುದಿಗೆ ಪ್ಲಾಸ್ಟಿಕ್ ಬುಷ್ ಹಾಕಿರುತ್ತಾರೆ. ಮಳೆನೀರು ಹೆಣಿಗೆಯ ಮೂಲಕ ಇಳಿದು, ಪೈಪಿನ ಸಣ್ಣ ರಂಧ್ರಗಳಿಂದಲೋ ಬೆಸುಗೆಯ ಬಿರುಕಿನಿಂದಲೋ ಒಳಗೆ ಹೋಗಿ, ಬುಷ್‌ನ ಮೇಲೆ ನಿಲ್ಲುತ್ತದೆ. ಹೊರಗೆ ಹೋಗಲು ದಾರಿಯೇ ಇಲ್ಲ. ಹೊರಗಿನಿಂದ ಕುರ್ಚಿ ಒಣಗಿ ಗರಿಗರಿಯಾಗಿರುತ್ತದೆ, ಒಳಗೆ ಕಾಲು ಆರು ತಿಂಗಳಿನಿಂದ ನೀರಿನಲ್ಲಿ ನಿಂತಿರುತ್ತದೆ. ಒಂದು ಸಂಜೆ ಅತಿಥಿಯೊಬ್ಬರು ಕೂತರು, ಕಾಲು ಮುರುಟಿತು. ಪುಣ್ಯಕ್ಕೆ ಅವರಿಗೆ ಏನೂ ಆಗಲಿಲ್ಲ, ಚಹಾ ಮಾತ್ರ ಚೆಲ್ಲಿತು. ಆಮೇಲೆ ಒಂದೊಂದೇ ಕುರ್ಚಿಯ ಬುಷ್ ಕಿತ್ತು ನೋಡಿದೆ. ಕೆಲವು ಕಾಲುಗಳಿಂದ ಅರ್ಧ ಲೋಟ ಕೆಂಪು ನೀರು ಸುರಿಯಿತು.

ಈಗ ಪ್ರತಿ ಬುಷ್‌ಗೂ ಡ್ರಿಲ್ಲಿನಿಂದ ನಾಲ್ಕು ಮಿಲಿಮೀಟರಿನ ಒಂದು ತೂತು ಮಾಡಿದ್ದೇನೆ. ಬಂದ ನೀರು ಬಂದ ಹಾಗೆ ಹೋಗುತ್ತದೆ. ನೀವು ಇಂದೇ ಬುಷ್ ಕಿತ್ತು ಕುರ್ಚಿಗಳನ್ನು ಎರಡು ದಿನ ಬಿಸಿಲಿಗೆ ಇಡಿ. ತುದಿಯ ತುಕ್ಕನ್ನು ತಂತಿಬ್ರಷ್ಷಿನಿಂದ ಉಜ್ಜಿ ಲೋಹ ಕಾಣುವಂತೆ ಮಾಡಿ, ಒಂದು ಕೈ ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಎರಡು ಕೈ ಎನಾಮಲ್. ಸ್ಕ್ರೂಡ್ರೈವರ್ ಒತ್ತಿದಾಗ ಪೈಪು ಒಳಗೆ ಕುಸಿದರೆ ಬಣ್ಣದಿಂದ ಪ್ರಯೋಜನವಿಲ್ಲ. ವೆಲ್ಡಿಂಗ್ ಅಂಗಡಿಗೆ ಒಯ್ದು ತುದಿ ಕತ್ತರಿಸಿ ಬೇರೆ ಪೈಪು ಬೆಸೆಯಿಸಿ. ಬೆಸುಗೆ ಹಾಕುವಾಗ ಹತ್ತಿರದ ಹೆಣಿಗೆಗೆ ಒದ್ದೆ ಗೋಣಿಚೀಲ ಸುತ್ತಲು ಹೇಳಿ, ಇಲ್ಲದಿದ್ದರೆ ಕಿಡಿ ಬಿದ್ದ ಕಡೆಯೆಲ್ಲ ಎಳೆ ಕರಗುತ್ತದೆ.

ಪಣಂಬೂರುಗಾಳಿ, ಮಂಗಳೂರು (ಮೇ 25)

ಕೊಡಗಿನವರು ಹೇಳಿದ್ದು ನೂರಕ್ಕೆ ನೂರು. ನಮ್ಮಲ್ಲಿ ಅದರ ಮೇಲೆ ಉಪ್ಪಿನ ಗಾಳಿ ಬೇರೆ. ನಾವು ಬುದ್ಧಿವಂತಿಕೆ ಮಾಡಿ ಅಲ್ಯೂಮಿನಿಯಂ ಚೌಕಟ್ಟಿನದನ್ನೇ ತಂದೆವು. ಅದಕ್ಕೆ ಹಾಕಿದ್ದ ಸ್ಕ್ರೂಗಳು ಉಕ್ಕಿನವು. ಎರಡು ಬೇರೆ ಲೋಹ, ನಡುವೆ ಉಪ್ಪುನೀರು. ಸ್ಕ್ರೂ ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರಿತು. ಈಗ ಸ್ಕ್ರೂಗಳ ಕೆಳಗೆ ನೈಲಾನ್ ವಾಷರ್ ಹಾಕಿದ್ದೇವೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ಬಾವಿಯ ಸಿಹಿನೀರಿನಲ್ಲಿ ಸುಮ್ಮನೆ ಜಾಲಿಸುತ್ತೇವೆ. ಸಾಬೂನು ಬೇಡ, ಉಪ್ಪು ಇಳಿದರೆ ಸಾಕು. ಮಳೆಗಾಲದಲ್ಲಿ ಆ ಕೆಲಸವನ್ನು ಆಕಾಶವೇ ಮಾಡುತ್ತದೆ, ಬೇಡವೆಂದರೂ ಬಿಡುವುದಿಲ್ಲ.

ಒಂದು ಎಚ್ಚರಿಕೆ: ನೀಲಿ ಟಾರ್ಪಾಲಿನ್ ಬಿಗಿಯಾಗಿ ಸುತ್ತಿ ಕಟ್ಟಬೇಡಿ. ನಾವು ಒಂದು ಮಳೆಗಾಲ ಪೂರ್ತಿ ಹಾಗೆ ಕಟ್ಟಿಟ್ಟು, ನವರಾತ್ರಿಗೆ ಬಿಚ್ಚಿದಾಗ ಒಳಗೆ ಬೂಷ್ಟು ಹತ್ತಿಯಂತೆ ಬೆಳೆದಿತ್ತು.

ಎಳೆಬಿಸಿಲು (ಮೇ 25)

ಹಾಗಾದರೆ ಕಪ್ಪು ಚುಕ್ಕೆಗೆ ಏನು ಮದ್ದು? ನಮ್ಮಲ್ಲೂ ಇದೆ. ಟೈಲ್ಸ್ ತೊಳೆಯುವ ಆಸಿಡ್ ಹಾಕಿ ಎಂದು ಒಬ್ಬರು ಹೇಳಿದರು.

ರಸಾಯನಮೇಷ್ಟ್ರು (ಮೇ 26)

ಬೇಡ, ಖಂಡಿತ ಬೇಡ. ಆಸಿಡ್ ಪ್ಲಾಸ್ಟಿಕ್ಕಿಗೆ ಏನೂ ಮಾಡದಿರಬಹುದು, ಒಳಗಿನ ಲೋಹವನ್ನು ತಿನ್ನುತ್ತದೆ. ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ.

ಕ್ರಮ ಹೀಗಿರಲಿ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ, ಹಳೆಯ ಹಲ್ಲುಜ್ಜುವ ಬ್ರಷ್ಷು. ಹೆಣಿಗೆ ಓಡಿದ ದಿಕ್ಕಿನಲ್ಲೇ ಉಜ್ಜಿ. ಕಬ್ಬಿಣದ ನಾರು ಕೂಡದು. ಗೀರು ಬಿದ್ದ ಕಡೆ ಮುಂದಿನ ಸಲ ಕೊಳೆ ಇನ್ನೂ ಬೇಗ ಹಿಡಿಯುತ್ತದೆ. ಕಪ್ಪು ಚುಕ್ಕೆಗಳು ಬೂಷ್ಟು. ಅವು ಪ್ಲಾಸ್ಟಿಕ್ಕನ್ನು ತಿಂದು ಬೆಳೆದವಲ್ಲ, ಅದರ ಮೇಲೆ ಕೂತ ಧೂಳು, ಬೆವರು, ತಲೆಯ ಎಣ್ಣೆ ತಿಂದು ಬೆಳೆದವು. ಆದ್ದರಿಂದ ಮುಕ್ಕಾಲು ಪಾಲು ಸಾಬೂನಿಗೇ ಹೋಗುತ್ತವೆ. ಉಳಿದವಕ್ಕೆ ಒಂದು ಲೀಟರ್ ನೀರಿಗೆ ಐವತ್ತು ಮಿಲಿಲೀಟರ್ ದ್ರವ ಬ್ಲೀಚ್, ಹತ್ತು ನಿಮಿಷ, ಆಮೇಲೆ ಚೆನ್ನಾಗಿ ತೊಳೆಯಿರಿ. ಯಾರಿಗೂ ಕಾಣದ ಕಡೆ ಮೊದಲು ಹಚ್ಚಿ ಬಣ್ಣ ನೋಡಿಕೊಳ್ಳಿ.

ಬೋರ್‌ವೆಲ್ ನೀರಿನ ಬಿಳಿ ಕಲೆ ಸುಣ್ಣದ್ದು, ಅದಕ್ಕೆ ಹುಳಿ ಬೇಕು. ವಿನೆಗರ್‌ಗೆ ಸಮಪಾಲು ನೀರು ಬೆರೆಸಿ ಬಟ್ಟೆಯಲ್ಲಿ ಒತ್ತಿ ಹಿಡಿದು, ಐದು ನಿಮಿಷದಲ್ಲಿ ಒರೆಸಿ ತೊಳೆಯಿರಿ. ಆದರೆ ಬ್ಲೀಚ್ ಹಾಕಿದ ದಿನ ವಿನೆಗರ್ ಮುಟ್ಟಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪ್ರಯೋಗಶಾಲೆಯಲ್ಲಿ ಇದನ್ನೇ ಹೇಳಿದವನು, ಮನೆಯ ಬಚ್ಚಲಿನಲ್ಲಿ ಒಮ್ಮೆ ನಾನೇ ಮರೆತು ಕೆಮ್ಮುತ್ತಾ ಹೊರಗೆ ಓಡಿದ್ದೇನೆ.

ತಾರಸಿಮನೆ (ಮೇ 26)

ತಲೆಯ ಎಣ್ಣೆ ಎಂದಿರಲ್ಲ! ಮಾವ ಒರಗುವ ಕುರ್ಚಿಯ ಬೆನ್ನಿನ ಮೇಲ್ಭಾಗವಷ್ಟೇ ಕಪ್ಪಾಗಿದೆ. ಅತ್ತೆಗೆ ಹೇಳಿದೆ. ಎಣ್ಣೆ ಹಚ್ಚಿದ ತಪ್ಪು ತಮ್ಮೊಬ್ಬರದೇ ಅಲ್ಲವೆಂದು ಅವರಿಗೆ ಬಹಳ ಸಮಾಧಾನವಾಯಿತು. ಈಗ ಎಣ್ಣೆಸ್ನಾನದ ಚಿಗರೆಪುಡಿ ಹಾಕಿ ತಿಕ್ಕೋಣ ಎನ್ನುತ್ತಿದ್ದಾರೆ.

ಹುಬ್ಬಳ್ಳಿಹುಡಿ (ಮೇ 26)

ಪುಡಿ ಬೇಡವೇ ಬೇಡ. ಜಿಡ್ಡು ಹೀರುತ್ತದೆ ನಿಜ, ಆದರೆ ಸಂದಿಯೊಳಗೆ ಕೂತ ಪುಡಿಯನ್ನು ಹೊರಗೆ ತರುವವರು ಯಾರು? ನನ್ನ ಸೂಜಿ ಬೇಕಾದರೆ ಕೊರಿಯರ್ ಮಾಡುತ್ತೇನೆ.

ಬನ್ನೇರುಘಟ್ಟರಸ್ತೆ (ಮೇ 26)

ಇಷ್ಟೆಲ್ಲ ಉಜ್ಜುವ ಬದಲು ಕಾರು ತೊಳೆಯುವ ಒತ್ತಡದ ಪಂಪು ಇದೆಯಲ್ಲ? ಐದು ನಿಮಿಷದ ಕೆಲಸ.

ಹೋಂಸ್ಟೇಕೊಡಗು (ಮೇ 26)

ನಾನೂ ಹಾಗೆಯೇ ಅಂದುಕೊಂಡು ಮಾಡಿದೆ. ಕೊಳೆ ಹೋಯಿತು, ಜೊತೆಗೆ ಕೆಲವು ಎಳೆಗಳ ತುದಿಗಳು ಹಿಡಿತದಿಂದ ಎದ್ದು ಬಂದವು. ಮಾಡಲೇಬೇಕೆಂದರೆ ಅಗಲವಾಗಿ ಚೆಲ್ಲುವ ಮೂತಿ ಹಾಕಿ, ಒಂದು ಮಾರು ದೂರದಿಂದ. ಬೆಂಗಳೂರಿನಲ್ಲಿ ಅಷ್ಟು ನೀರು ಎಲ್ಲಿದೆ ಎಂಬುದು ಬೇರೆ ಮಾತು.

ತಾರಸಿಮನೆ (ಮೇ 26)

ನಮಗೆ ಆ ಯೋಚನೆಯೇ ಬೇಡ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಕೈತೋಟಕ್ಕೆ ಬಿಟ್ಟರೆ ಐದು ಸಾವಿರ ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿದಾಗಿನಿಂದ ನಮ್ಮ ಮನೆಯಲ್ಲಿ ಪೈಪ್ ಹಿಡಿಯುವ ಅಭ್ಯಾಸ ಹೋಗಿದೆ. ಅಕ್ಕಿ ತೊಳೆದ ನೀರನ್ನೂ ಲೆಕ್ಕ ಇಡುವ ಮನೆ ಇದು. ಇಂದು ಒಂದು ಕುರ್ಚಿ ತೊಳೆದು ನೋಡಿದೆ. ಸಾಬೂನಿಗೆ ಒಂದು ಮಗ್, ಜಾಲಿಸಲು ಅರ್ಧ ಬಕೆಟ್. ಒದ್ದೆ ಬಟ್ಟೆಯಲ್ಲೇ ಹೆಚ್ಚು ಕೆಲಸವಾಯಿತು.

ಬೆತ್ತದಬುಟ್ಟಿ, ಶಿವಮೊಗ್ಗ (ಮೇ 28)

ತಡವಾಗಿ ನೋಡಿದೆ. ನಮ್ಮದು ಮೇದಾರ ಮನೆ. ಅಜ್ಜ ಬಿದಿರು, ತಂದೆ ಬೆತ್ತ, ನಾನು ಈಗ ಈ ಪ್ಲಾಸ್ಟಿಕ್ ಹೆಣಿಗೆಯ ರಿಪೇರಿಯನ್ನೇ ಹೆಚ್ಚು ಮಾಡುತ್ತೇನೆ, ನಾಚಿಕೆಯೇನಿಲ್ಲ. ಬೆತ್ತಕ್ಕೂ ಇದಕ್ಕೂ ಒಂದು ವ್ಯತ್ಯಾಸ ತಿಳಿದುಕೊಳ್ಳಿ. ಬೆತ್ತ ಒಣಗಿದರೆ ಸಿಡಿಯುತ್ತದೆ. ಆಗಾಗ ಅಡಿಯಿಂದ ಸ್ವಲ್ಪ ನೀರು ಚಿಮುಕಿಸಿದರೆ ಜೀವ ಬರುತ್ತದೆ. ಪ್ಲಾಸ್ಟಿಕ್ ನೀರು ಕುಡಿಯುವುದಿಲ್ಲ, ಎಣ್ಣೆಯನ್ನೂ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ನೆರಳು. ಬೇಸಿಗೆಯ ಮಧ್ಯಾಹ್ನದ ಬಿಸಿಲು ತಪ್ಪಿಸಿದರೆ ನೀವು ವರ್ಷಕ್ಕೊಮ್ಮೆ ತೊಳೆದರೂ ನಡೆಯುತ್ತದೆ. ತಪ್ಪಿಸದಿದ್ದರೆ ದಿನಾ ತೊಳೆದರೂ ಬಣ್ಣ ಹಾರುತ್ತದೆ. ಕೈಯಾಡಿಸಿದಾಗ ಬಿಳಿ ಪುಡಿ ಅಂಟಿದರೆ ಅದು ಕೊಳೆಯಲ್ಲ, ಎಳೆಯೇ ಸವೆಯುತ್ತಿದೆ. ಉಜ್ಜಿದಷ್ಟೂ ಉದುರುತ್ತದೆ.

ಎದ್ದ ಎಳೆಗಳಿಗೆ ತಕ್ಷಣ ಹಿಡಿಯುವ ಗೋಂದು ಹಾಕಿಸಿಕೊಂಡು ಬರುವವರು ಬಹಳ. ತೇಲುವ ಜಾತಿಯ ಪ್ಲಾಸ್ಟಿಕ್ಕಿಗೆ ಗೋಂದು ಕಚ್ಚುವುದೇ ಇಲ್ಲ. ವಾರದಲ್ಲಿ ಬಿಡುತ್ತದೆ, ಬಿಳಿ ಕಲೆ ಉಳಿಯುತ್ತದೆ. ಎಳೆಯ ತುದಿಯನ್ನು ಬಿಸಿನೀರಿನ ಬಟ್ಟೆಯಲ್ಲಿ ಎರಡು ನಿಮಿಷ ಹಿಡಿದು ಮೆದು ಮಾಡಿ. ಮೊಂಡು ಸ್ಕ್ರೂಡ್ರೈವರಿನಿಂದ ಪಕ್ಕದ ಸಾಲುಗಳನ್ನು ಮೀಟಿ, ಒಂದು ಮೇಲೆ ಒಂದು ಕೆಳಗೆ ಎಂದು ನಾಲ್ಕೈದು ಸಾಲಿನೊಳಗೆ ತೂರಿಸಿ. ತಣ್ಣಗಾದ ಮೇಲೆ ತಾನೇ ಬಿಗಿಯುತ್ತದೆ. ಬುಟ್ಟಿಯ ಬಾಯಿ ಕಟ್ಟುವುದೂ ಹೀಗೆಯೇ, ಅಲ್ಲಿ ಯಾರೂ ಗೋಂದು ಹಾಕುವುದಿಲ್ಲ.

ಮುಳುಗಿದ ಕುರ್ಚಿಗೆ ಹಣ ಹಾಕಬೇಡಿ, ಅಕ್ಕ. ತೊಳೆದರೆ ಅಂಟು ಹೋಗುತ್ತದೆ, ಒಂದು ಬೇಸಿಗೆಗೆ ಮತ್ತೆ ಬರುತ್ತದೆ. ಮನೆಯೊಳಗೆ ಇಟ್ಟುಕೊಳ್ಳಿ.

ಅಳಿಲು ಒಯ್ದ ಎಳೆ ನಮ್ಮಲ್ಲಿ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಅಳಿಲಿಗೆ ನನ್ನಲ್ಲಿ ಮದ್ದಿಲ್ಲ.

ಮರಳುಮಲ್ಲಿಗೆ, ಶಾರ್ಜಾ (ಮೇ 29)

ಇಲ್ಲಿ ಬೇಸಿಗೆಯಲ್ಲಿ ನೆರಳಿನಲ್ಲೇ ನಲವತ್ತು ದಾಟುತ್ತದೆ. ಬೆತ್ತದಬುಟ್ಟಿಯವರ ಮಾತು ನಿಜ. ಒಂದೇ ಜೋಡಿಯ ಎರಡು ಕುರ್ಚಿಗಳಲ್ಲಿ ಬಾಲ್ಕನಿಯ ಒಳಗಿನದು ಏಳು ವರ್ಷದಿಂದ ಹಾಗೇ ಇದೆ, ಅಂಚಿನದು ನಾಲ್ಕನೆಯ ವರ್ಷಕ್ಕೆ ಬೂದಿಬಣ್ಣಕ್ಕೆ ತಿರುಗಿತು. ಹೊಳಪಿಗೆಂದು ಕಾರಿನ ಡ್ಯಾಶ್‌ಬೋರ್ಡಿನ ಸಿಲಿಕೋನ್ ಸ್ಪ್ರೇ ಹೊಡೆಯಬೇಡಿ. ಮರಳುಗಾಳಿ ಬೀಸಿದ ಮೇಲೆ ನನ್ನ ಕುರ್ಚಿ ಸ್ಯಾಂಡ್‌ಪೇಪರ್ ಆಗಿತ್ತು.

ಮೆತ್ತೆಗಳ ವಿಷಯ ಯಾರೂ ಎತ್ತಲಿಲ್ಲವಲ್ಲ?

ಹೋಂಸ್ಟೇಕೊಡಗು (ಮೇ 29)

ಮೆತ್ತೆಯನ್ನು ಹೊರಗೆ ಬಿಡದಿರುವುದೇ ದಾರಿ. ಒದ್ದೆ ಸ್ಪಂಜನ್ನು ಮಲಗಿಸಿ ಒಣಗಿಸಿದರೆ ನಡುವಿನ ನೀರು ವಾರವಾದರೂ ಇಳಿಯುವುದಿಲ್ಲ. ಜಿಪ್ ಇರುವ ಅಂಚು ಕೆಳಗೆ ಬರುವಂತೆ ಗೋಡೆಗೆ ಒರಗಿಸಿ ನಿಲ್ಲಿಸಿ. ಕವರ್‌ಗಳನ್ನು ಬಿಚ್ಚಿ ಬೇರೆಯಾಗಿ ತೊಳೆಯಿರಿ. ಒಳಗಿನ ಸ್ಪಂಜಿಗೇ ಬೂಷ್ಟಿನ ವಾಸನೆ ಹತ್ತಿದ್ದರೆ ಬಿಸಾಡಿ. ನಾನು ವಿನೆಗರ್, ಬಿಸಿಲು, ಕರ್ಪೂರ ಎಲ್ಲ ನೋಡಿದೆ. ಮೊದಲ ಮಳೆಗೆ ಮತ್ತೆ ಅದೇ ವಾಸನೆ.

ತಾರಸಿಮನೆ (ಜೂನ್ 4)

ವರದಿ. ಮೂರು ಕುರ್ಚಿ ತೊಳೆದಾಯಿತು, ಬ್ಲೀಚ್ ಬೇಕಾದದ್ದು ಮಾವನ ಕುರ್ಚಿಗೆ ಮಾತ್ರ. ಬುಷ್ ಕಿತ್ತಾಗ ಎರಡು ಕಾಲುಗಳಿಂದ ಕೆಂಪು ನೀರು ಬಂದೇ ಬಂತು. ಒಂದರಿಂದ ಜೀವಂತ ಇರುವೆಗಳ ಸಂಸಾರವೂ ಇಳಿದು ಬಂತು. ಬಣ್ಣ ಹಚ್ಚಿದ್ದೇವೆ, ಬುಷ್‌ಗೆ ತೂತು ಮಾಡಿದ್ದೇವೆ. ಮುಳುಗುವ ಕುರ್ಚಿಯನ್ನು ಮೆಟ್ಟಿಲಿನ ಕೆಳಗೆ ಚಪ್ಪಲಿ ಹಾಕಿಕೊಳ್ಳಲು ಕೂರುವ ಕುರ್ಚಿಯನ್ನಾಗಿ ಮಾಡಿದೆ. ಹಳೆಯ ಸ್ಪಂಜು ಹೋಯಿತು, ಹೊಸ ಮೆತ್ತೆಗೆ ಕೆನೆಬಣ್ಣದ ಕವರ್ ಹೊಲಿಸಿದ್ದೇನೆ.

ಎರಡನೇಮಹಡಿ (ಜೂನ್ 4)

ಸೀಮಂತದ ಮನೆಯಲ್ಲಿ ಕೆನೆಬಣ್ಣ! ಧೈರ್ಯವಂತರು.

ತಾರಸಿಮನೆ (ಜೂನ್ 14)

ಎರಡನೇಮಹಡಿಯವರೇ, ನಿಮ್ಮ ಬಾಯಿಗೆ ಸಕ್ಕರೆ ಹಾಕಲೋ ಬೇಡವೋ ತಿಳಿಯದು. ಸೀಮಂತ ಚೆನ್ನಾಗಿ ಆಯಿತು, ಕುರ್ಚಿಗಳನ್ನು ನೋಡಿದವರೆಲ್ಲ ಹೊಸದಾಗಿ ತಂದಿರೇ ಎಂದು ಕೇಳಿದರು. ಕೊನೆಗೆ ಆರತಿ ಎತ್ತಿ ತಟ್ಟೆ ಇಳಿಸುವಾಗ ಯಾರದೋ ಕೈತಾಗಿ ಕೆಂಪು ಆರತಿನೀರು ಪೂರ್ತಿ ಮೆತ್ತೆಯ ಮೇಲೆ. ಅರಿಶಿನ, ಸುಣ್ಣದ ನೀರು. ಸಾಬೂನು ಹಾಕಿ ಉಜ್ಜಿದಷ್ಟೂ ಕೆಂಪಾಗುತ್ತಿದೆ. ಮೇಷ್ಟ್ರೇ, ಇದ್ದೀರಾ?

ರಸಾಯನಮೇಷ್ಟ್ರು (ಜೂನ್ 14)

ಇದ್ದೇನೆ. ಉಜ್ಜುವುದನ್ನು ನಿಲ್ಲಿಸಿ. ಅರಿಶಿನ ಕ್ಷಾರದಲ್ಲಿ ಕೆಂಪಾಗುತ್ತದೆ. ಆರತಿಯಲ್ಲಿ ಸುಣ್ಣ ಕ್ಷಾರ, ಬಟ್ಟೆಯ ಸಾಬೂನೂ ಕ್ಷಾರ. ನೀವು ಮತ್ತೆ ಮತ್ತೆ ಆರತಿಯನ್ನೇ ಮಾಡುತ್ತಿದ್ದೀರಿ. ತಣ್ಣೀರಿನಲ್ಲಿ ಸಾಬೂನು ಬಿಡುವವರೆಗೆ ಜಾಲಿಸಿ, ವಿನೆಗರ್ ಬೆರೆಸಿದ ನೀರಿನಲ್ಲಿ ಅದ್ದಿ. ಕೆಂಪು ಹೋಗಿ ಹಳದಿ ಬರುತ್ತದೆ. ಗಾಬರಿಯಾಗಬೇಡಿ. ಆ ಹಳದಿಯನ್ನು ಒದ್ದೆಯಾಗಿರುವಾಗಲೇ ಬಿಸಿಲಿಗೆ ಹರವಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ, ಎರಡು ಮೂರು ದಿನದಲ್ಲಿ ಹಾರುತ್ತದೆ.

ತಾರಸಿಮನೆ (ಜೂನ್ 15)

ಹಳದಿ ಬಂತು. ತಂತಿಯ ಮೇಲೆ ಹಾಕಿದ್ದೇನೆ. ನಿನ್ನೆಯಿಂದ ಮೋಡ ಕವಿದಿದೆ, ಈಗ ತುಂತುರು ಶುರುವಾಯಿತು.

ಪಣಂಬೂರುಗಾಳಿ (ಜೂನ್ 15)

ನಮ್ಮ ಕಡೆಯಿಂದ ಇನ್ನೂ ದೊಡ್ಡದು ಹೊರಟಿದೆ. ಕವರ್ ಒಳಗೆ ತನ್ನಿ.